ಗುರುತಿಲ್ಲದ ಲಾಳಿ

ಮೋನಪ್ಪಕಾಕಾನ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಮುರಿದವರು ಅವರೇ. ಮಗ್ಗದ ಲಾಳಿ ತಯಾರಾದ ಮೇಲೆ ಅದರ ಬಗಲನ್ನು ಹಲ್ಲಿಗೆ ಟಕ್ ಟಕ್ ಎಂದು ತಟ್ಟಿ, ಕಣ್ಣು ಮುಚ್ಚಿಕೊಂಡು, ತಲೆಬುರುಡೆಯೊಳಗೆ ಏಳುವ ಸದ್ದು ಕೇಳುವುದು ಅವರ ಪದ್ಧತಿ. ಸದ್ದು ಸರಿ ಬಂದರೆ ಲಾಳಿ ಅಗಸೆ ಎಣ್ಣೆಯ ತೊಟ್ಟಿಗೆ, ಬಾರದಿದ್ದರೆ ಒಲೆಗೆ. ಒಂದು ದಿನ ಯಾರ ಮೇಲೋ ಸಿಟ್ಟು ಬಂದಿತ್ತು, ತಟ್ಟಿದ್ದು ಜೋರಾಯಿತು. ಅರ್ಧ ಹಲ್ಲು ಕಟ್ಟಿಗೆ ಹೊಟ್ಟಿನಲ್ಲಿ ಬಿತ್ತು. ಅವರು ಹಲ್ಲು ಹುಡುಕಲಿಲ್ಲ. ಲಾಳಿಯನ್ನು ತಿರುಗಿಸಿ ನೋಡಿ, "ಕಟಗಿ ಛಲೋ ಐತಿ" ಎಂದರು.

ಬನಹಟ್ಟಿಯಲ್ಲಿ ಅವರ ಅಂಗಡಿಯ ಎದುರಿಗೇ ನನ್ನ ಮೊಬೈಲ್ ಅಂಗಡಿ. ಅಂಗಡಿ ಎಂದರೆ ದೊಡ್ಡ ಮಾತಾಯಿತು. ಒಂದು ಶಟರ್, ಒಂದು ಸ್ಟೂಲು, ರೀಚಾರ್ಜ್ ಮಾಡಿಸಲು ಬಂದವರನ್ನು ಅಣಕಿಸುತ್ತ ಕುಳಿತ ನಾನು. ಜಮಖಂಡಿ ಬಸ್ಸಿನ ಕಂಡಕ್ಟರ್, ಬ್ಯಾಂಕಿನ ಮ್ಯಾನೇಜರ್, ಹೆರಿಗೆ ನೋವಿನಂತೆ ಹಾಡುವ ನಮ್ಮ ಓಣಿಯ ಗಾಯಕ, ಎಲ್ಲರ ದನಿಗಳೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ನನ್ನನ್ನೂ ನಾನು ಬಿಡುತ್ತಿರಲಿಲ್ಲ. ಹುಡುಗಿ ನೋಡಲು ಮುಧೋಳಕ್ಕೆ ಹೋದಾಗ ನಾನು ಹೇಗೆ ತೊದಲಿದೆ ಎಂಬುದನ್ನು ನನಗಿಂತ ಚೆನ್ನಾಗಿ ಮಾಡಿ ತೋರಿಸುವವರು ಇಲ್ಲ. ಮೋನಪ್ಪಕಾಕಾನ ದನಿ ಮಾತ್ರ ಕಲಿಯಲು ಆರು ತಿಂಗಳು ಹಿಡಿಯಿತು. ಮುರಿದ ಹಲ್ಲಿನ ಸಂದಿಯಿಂದ ಗಾಳಿ ಹೋಗುತ್ತಿತ್ತು, ಆ ಗಾಳಿಯಲ್ಲೂ ಬೈಗುಳ ಇರುತ್ತಿತ್ತು.

ಬಯ್ಯದೆ ಅವರು ಯಾರಿಗೂ ಏನನ್ನೂ ಮಾರಿದ್ದನ್ನು ನಾನು ಕಾಣೆ. ಮಗ್ಗದ ಮಂದಿ ಬಂದು ಹೊಸ್ತಿಲ ಹೊರಗೇ ನಿಲ್ಲುತ್ತಿದ್ದರು.

"ಯಾಕ ಬಂದಿ?"

"ಲಾಳಿ ಬೇಕಿತ್ತರಿ ಮೇಸ್ತ್ರಿ."

"ನಿನಗ ಲಾಳಿ ಯಾಕ ಬೇಕಲೇ? ಮದಲ ಮಗ್ಗಕ್ಕ ಎಣ್ಣಿ ಹಾಕು. ನಿನ್ನ ಮಗ್ಗ ಮುದುಕ ಕೆಮ್ಮಿದಂಗ ಕೆಮ್ಮೂದು ಇಲ್ಲಿತನಾ ಕೇಳಸತೈತಿ."

ಕೇಳುತ್ತಿದ್ದುದು ಖರೆ. ನಮ್ಮೂರಲ್ಲಿ ಬೆಳಗಾದರೆ ಓಣಿಓಣಿಯೂ ಖಟಾಖಟ್ ಎನ್ನುತ್ತದೆ. ಆ ಗದ್ದಲದಲ್ಲಿ ಯಾರ ಮಗ್ಗ ಯಾವುದು ಎಂದು ಅವರು ಕುಳಿತಲ್ಲೇ ಹೇಳುತ್ತಿದ್ದರು. ಅಡ್ಡ ನೂಲು ಸುತ್ತಿದ ಕಂಡಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಗ್ಗದ ಈ ತುದಿಯಿಂದ ಆ ತುದಿಗೆ ಓಡುವ ದೋಣಿಯಂಥ ಕಟ್ಟಿಗೆಯ ತುಂಡೇ ಲಾಳಿ. ಎರಡೂ ತುದಿಗೆ ಉಕ್ಕಿನ ಮೊನೆ. ಕರೆಂಟಿನ ಮಗ್ಗದಲ್ಲಿ ಅದು ಕಣ್ಣಿಗೆ ಕಾಣದ ವೇಗದಲ್ಲಿ ಓಡುತ್ತದೆ. ತೂಕ ತಪ್ಪಿದರೆ, ಮೊನೆ ಸಡಿಲಾದರೆ, ದಾರಿ ಬಿಟ್ಟು ಹೊರಗೆ ಹಾರುತ್ತದೆ. ಹಾರಿದ ಲಾಳಿ ಗೋಡೆಯ ಗಾರೆ ಕಿತ್ತದ್ದನ್ನು ನಾನೇ ಕಂಡಿದ್ದೇನೆ. ಗೋಡೆಯ ಬದಲು ಮುಖವಿದ್ದರೆ ಏನಾಗುತ್ತದೆಂದು ನಮ್ಮೂರವರಿಗೆ ಹೇಳಬೇಕಾಗಿಲ್ಲ. ಒಕ್ಕಣ್ಣಿನ ನೇಕಾರರು ಇದ್ದಾರೆ.

ಆದ್ದರಿಂದಲೇ ಮೋನಪ್ಪಕಾಕಾನ ಲಾಳಿಗೆ ಒಂದು ಕಟ್ಟಳೆ ಇತ್ತು. ಲಾಳಿ ಕೆಟ್ಟರೆ ತಂದು ಅವರ ಮುಂದಿಡಬೇಕು. ಅವರು ಅದನ್ನು ಕೊಡಲಿಯಿಂದ ಎರಡು ಹೋಳು ಮಾಡಿ, ಎಣ್ಣೆಯ ತೊಟ್ಟಿಯಿಂದ ಹೊಸದನ್ನು ತೆಗೆದು ಒರೆಸಿ ಕೊಡುತ್ತಿದ್ದರು. ಯಾವಾಗ ಕೊಂಡದ್ದು, ಹೇಗೆ ಕೆಟ್ಟಿತು ಎಂಬ ಮಾತೇ ಇಲ್ಲ. ಅವರ ಅಜ್ಜನ ಕಾಲದಿಂದ ಹೀಗೆ. ಲಾಳಿಯ ಮೇಲೆ ಹೆಸರಿಲ್ಲ, ಮುದ್ರೆಯಿಲ್ಲ, ಗೀಟೂ ಇಲ್ಲ.

"ಒಂದು ಗುರುತ ಹಾಕರಿ ಕಾಕಾ" ಎಂದರೆ, "ಗುರುತ ದನಕ್ಕ ಹಾಕತಾರ. ನಂದು ತಪ್ಪಿಸಿಗೊಂಡು ಎಲ್ಲಿ ಹೋಗತೈತಿ?" ಎನ್ನುತ್ತಿದ್ದರು.

ಎಲ್ಲಿ ಹೋಗುತ್ತದೆಂದು ತೋರಿಸಿಕೊಟ್ಟವನು ನಾನು.

ಆಗ ಎಲ್ಲರೂ ಮೊಬೈಲಿನಲ್ಲೇ ಚಪ್ಪಲಿ, ಚಡ್ಡಿ, ಕುಕ್ಕರು ತರಿಸುವುದು ಹೊಸದಾಗಿ ಶುರುವಾಗಿತ್ತು. ನಮ್ಮಂಥವರೂ ಅಲ್ಲಿ ಕೂತು ಮಾರಬಹುದು ಎಂದು ನನಗೆ ಗೊತ್ತಾದದ್ದೇ ತಡ, ನನ್ನ ಕಾಲು ನೆಲಕ್ಕೆ ತಾಕಲಿಲ್ಲ. ಮೋನಪ್ಪಕಾಕಾ ಆ ಜಾಗಕ್ಕೆ 'ಮುಗಿಲ ಸಂತಿ' ಎಂದು ಹೆಸರಿಟ್ಟರು.

"ಕಾಕಾ, ಇದರಾಗ ಹಾಕಿದ್ರ ಇಡೀ ದೇಶಾನ ನೋಡತೈತಿ."

"ದೇಶ ನೋಡಿ ಏನ ಮಾಡತೈತಿ? ನೇಯತೈತೇನ?"

"ಇಚಲಕರಂಜಿ, ಮಾಲೇಗಾಂವ್, ಎಲ್ಲಾ ಕಡೆ ಮಗ್ಗ ಅದಾವ್ರಿ."

"ಅಲ್ಲೆಲ್ಲಾ ಬಡಿಗ್ಯಾರು ಸತ್ತಾರೇನ?"

ಒಂದು ವಾರ ಬೆನ್ನು ಬಿದ್ದೆ. ಕೊನೆಗೆ ನನ್ನ ಕಾಟ ತಾಳದೆ, ಸೊಳ್ಳೆ ಓಡಿಸುವವರಂತೆ ಕೈ ಬೀಸಿದರು. ನಾನು ಅದನ್ನು ಒಪ್ಪಿಗೆ ಎಂದು ಭಾವಿಸಿದೆ. ಅವರ ಕೈಯಲ್ಲಿ ಲಾಳಿ ಹಿಡಿಸಿ ಫೋಟೋ ತೆಗೆದೆ. 'ಬನಹಟ್ಟಿಯ ಮೋನಪ್ಪ ಮೇಸ್ತ್ರಿಯವರ ಕೈಯಿಂದ' ಎಂದು ಬರೆದೆ. ನನ್ನ ಜಾಣತನ ನೋಡಿ: ಆ ಫೋಟೋದಲ್ಲಿ ಕೈಯ ಹಿಂದೆ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ ಅಂಗಡಿಯ ಫೋನ್ ನಂಬರು ಸ್ವಚ್ಛವಾಗಿ ಕಾಣುತ್ತಿತ್ತು.

ಲಾಳಿಗಳು ಹೋಗತೊಡಗಿದವು. ಮೊದಲ ಗಿರಾಕಿಗಳಲ್ಲೊಬ್ಬ ಬೆಂಗಳೂರಿನವನು. ಗೋಡೆಗೆ ತೂಗುಹಾಕಿ, ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಹೂವಿಟ್ಟ ಫೋಟೋ ಕಳಿಸಿದ. ಸಂತೋಷಪಡುತ್ತಾರೆಂದು ನಾನು ಅದನ್ನು ಕಾಕಾನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಹೆಣಕ್ಕ ಹೂವಾ ಏರಿಸ್ಯಾನಲೋ" ಎಂದರು. "ಇನ್ನ ಗ್ವಾಡಿಯವರಿಗೆ ಕೊಟ್ಟಿ ಅಂದ್ರ ನಿನ್ನ ತೂಗಹಾಕತೇನಿ."

ಅಂದಿನಿಂದ ನನ್ನ ಬಾಯಲ್ಲಿ ಎಲ್ಲ ಗಿರಾಕಿಗಳೂ ನೇಕಾರರೇ ಆದರು. ಕೆಲವರು ನಿಜವಾಗಿಯೂ ಆಗಿದ್ದರು. ಒಮ್ಮೆ ಕೊಂಡ ಇಚಲಕರಂಜಿಯವರು ಮತ್ತೆ ಕೊಂಡರು. ಕಾಕಾ ನನ್ನನ್ನು ಬಯ್ಯುವುದು ತುಸು ಕಡಿಮೆಯಾಯಿತು. ಅದು ನನಗೆ ಸಿಕ್ಕ ದೊಡ್ಡ ಪ್ರಶಸ್ತಿ.

ಆಮೇಲೆ ಒಂದು ತಿಂಗಳು ಒಂದು ಆರ್ಡರೂ ಬರಲಿಲ್ಲ. ಮೊಬೈಲ್ ಕೆಟ್ಟಿತೇ ಎಂದು ತಿಕ್ಕಿ ತಿಕ್ಕಿ ನೋಡಿದೆ. ಹಾಗಿರುವಾಗ ಅಂಚೆಯಣ್ಣ ಒಂದು ಪಾರ್ಸಲ್ ತಂದ, ಮಾಲೇಗಾಂವಿನಿಂದ. ಒಳಗೆ ಒಂದು ಲಾಳಿ, ಮೊನೆ ಕಳಚಿದ್ದು. ಜೊತೆಗೆ ಹಿಂದಿಯಲ್ಲಿ ಬರೆದ ಒಂದು ಚೀಟಿ. ಅದನ್ನು ಇಲ್ಲಿ ಬರೆಯುವಂತಿಲ್ಲ. ನಮ್ಮ ತಾಯಂದಿರ ಪ್ರಸ್ತಾಪ ಇತ್ತು.

ಕಾಕಾ ಲಾಳಿಯನ್ನು ಹಲ್ಲಿಗೆ ತಟ್ಟಿದರು. ಥೂ ಎಂದು ಉಗುಳಿದರು.

"ಮಾವಿನ ಕಟಗಿ. ವಾರ್ನಿಸ್ ಹಚ್ಚ್ಯಾರ. ಮೊನಿ ಅಂಟಿನ್ಯಾಗ ನಿಂತೈತಿ. ಇದನ್ನ ಯಾಂವ ಮಾಡ್ಯಾನ?"

ನಾನು ಮೊಬೈಲ್ ತೆಗೆದು ನಮ್ಮ ಪುಟ ನೋಡಿದೆ. ಅದೇ ಫೋಟೋ, ಅದೇ ಹೆಸರು, ಅದೇ ಹೊಗಳಿಕೆ. ಕೆಳಗೆ ಸಣ್ಣ ಅಕ್ಷರದಲ್ಲಿ ಮಾರುವವನ ಹೆಸರು ಮಾತ್ರ ಬೇರೆ. ಯಾವನೋ ಬಂದು ನಮ್ಮ ಪುಟಕ್ಕೇ ಜೋತುಬಿದ್ದು, ಅರ್ಧ ಬೆಲೆ ಹಾಕಿದ್ದ. ಕಡಿಮೆ ಬೆಲೆ ಹಾಕಿದವನಿಗೆ ಆ ಸಂತೆ ಕೊಳ್ಳುವ ಗುಂಡಿಯನ್ನು ಒಪ್ಪಿಸಿಬಿಡುತ್ತದೆ. ಕೊಳ್ಳುವವರು ನಮ್ಮ ಪುಟ ನೋಡಿ ಒತ್ತುತ್ತಾರೆ, ಮಾಲು ಅವನದು ಹೋಗುತ್ತದೆ. ಕಾಕಾನಿಗೆ ಇದನ್ನು ತಿಳಿಸಿ ಹೇಳಲು ನನಗೆ ಬೆವರು ಬಂತು.

"ಅಂದ್ರ, ನನ್ನ ಅಂಗಡಿ ಬಾಗಲದಾಗ ಯಾಂವೋ ಕುಂತು ಮಾರಾಕತ್ತಾನ. ಹೌದಿಲ್ಲೋ?"

"ಹೌದ್ರಿ."

"ಅವನ್ನ ಒದ್ದು ಬಾಗಲಾ ಹಾಕು."

"ಬಾಗಲಾ ನಮ್ಮದಲ್ಲ ಕಾಕಾ."

"ಮತ್ತ ಯಾರದು?"

"ಸಂತಿಯವರದ."

"ಮತ್ತ ನಂದೇನೈತಿ ಅಲ್ಲಿ?"

ನಾನು ಯೋಚಿಸಿದೆ. "ನಿಮ್ಮ ಫೋಟೋರಿ."

ಅವರು ಕೊಡಲಿ ಎತ್ತಿದರು. ನಾನು ಹಿಂದೆ ಜಿಗಿದೆ. ಕೊಡಲಿ ಬಿದ್ದದ್ದು ಆ ಮಾವಿನ ಲಾಳಿಯ ಮೇಲೆ. ಎರಡು ಹೋಳಾಯಿತು. ಆಮೇಲೆ ತೊಟ್ಟಿಯೊಳಗೆ ಕೈಹಾಕಿ ಹೊಸದೊಂದನ್ನು ತೆಗೆದು, ಒರೆಸಿ, ನನ್ನತ್ತ ಎಸೆದರು.

"ಕಳಸು."

"ಕಾಕಾ! ಅದು ನಮ್ಮದಲ್ಲ. ನಮ್ಮದಲ್ಲ ಅಂತ ಬರದು ಕಳಸೂಣು."

"ಅಂವ ಅಲ್ಲಿ ಮಗ್ಗದ ಮುಂದ ಕುಂತಿರತಾನ, ನೀ ಕಾಗದಾ ಬರೀತಿ? ಲಾಳಿ ಹಾರಿದ್ರ ನಿನ್ನ ಕಾಗದಾ ಅಡ್ಡ ಬರತೈತೇನ?"

"ಆದ್ರ ಅಂವ ನಿಮ್ಮ ತಾಯಿಗೆ ಬೈದಾನ್ರಿ."

"ನನ್ನ ಹೆಸರಿಂದ ಲಾಳಿ ತಗೊಂಡಾನ. ಬೈಯಲಿ."

ಇದನ್ನು ಔದಾರ್ಯವೆಂದು ಯಾರೂ ತಿಳಿಯಬಾರದು. ಹತ್ತಿರದಿಂದ ನೋಡಿದವನು ನಾನು. ಅವರ ಮುಖದಲ್ಲಿ ಕರುಣೆಯ ಒಂದು ಗೆರೆಯೂ ಇರಲಿಲ್ಲ. ಕೊಂಡವನನ್ನು ದಡ್ಡನೆಂದು ಬೈದರು, ಮಾಡಿದವನ ವಂಶ ಅಳಿಸಿದರು, ಸಂತೆಯವರನ್ನು ಬೈದರು, ನಡುನಡುವೆ ಉಸಿರು ತೆಗೆದುಕೊಳ್ಳಲು ನನ್ನನ್ನು ಬೈದರು. ತಮ್ಮ ಹೆಸರು ಹೊತ್ತು ಒಂದು ಕೆಟ್ಟ ಲಾಳಿ ಎಲ್ಲೋ ಓಡುತ್ತಿದೆ ಎಂಬುದು ಅವರಿಗೆ ಮೈಮೇಲಿನ ಹುಣ್ಣು. ಬದಲಿ ಕೊಟ್ಟರೆ ಹುಣ್ಣಿನ ಮೇಲೊಂದು ಪಟ್ಟಿ, ಅಷ್ಟೇ.

ಪಾರ್ಸಲ್‌ಗಳು ಒಂದರ ಹಿಂದೊಂದು ಬಂದವು. ಫೋಟೋದ ನಂಬರಿಗೆ ಫೋನುಗಳೂ ಬಂದವು. ಮರಾಠಿಯಲ್ಲಿ ಬೈದವರಿಗೆ ಕಾಕಾ ಕನ್ನಡದಲ್ಲಿ, ಹಿಂದಿಯಲ್ಲಿ ಬೈದವರಿಗೂ ಕನ್ನಡದಲ್ಲೇ ಬೈದು, ಕೊನೆಗೆ "ವಿಳಾಸ ಹೇಳಲೇ" ಎಂದು ಕಿರುಚುತ್ತಿದ್ದರು. ದಿನವಿಡೀ ಲಾಳಿ ಕೆತ್ತುವುದು, ಪರರು ಮಾಡಿದ ಪಾಪಕ್ಕೆ ಬದಲಿ ಕಳಿಸುವುದು. ಅಗಸೆ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆಯಬೇಕಾದ ಲಾಳಿಗಳು ತೊಟ್ಟಿಯಲ್ಲಿ ಕಡಿಮೆಯಾಗುತ್ತ ಬಂದವು. ನಾನು ಇದನ್ನು ನಿಲ್ಲಿಸಬೇಕೆಂದು ಸಂತೆಯ ಕಂಪನಿಗೆ ದೂರು ಬರೆದೆ. ಉತ್ತರ ಬಂತು: ಮಾಲು ನಿಮ್ಮದೆಂದು ರುಜುವಾತು ಕೊಡಿ. ನೋಂದಾಯಿಸಿದ ಹೆಸರು, ಮಾಲಿನ ಮೇಲಿನ ಮುದ್ರೆಯ ಫೋಟೋ, ಕಚ್ಚಾ ಸಾಮಾನಿನ ಬಿಲ್ಲು.

ಕಚ್ಚಾ ಸಾಮಾನು ಎಂದರೆ ರನ್ನ ಬೆಳಗಲಿಯ ಯಾರದೋ ಹೊಲದ ಬದುವಿನಲ್ಲಿ ಬಿದ್ದ ಮುದಿ ಜಾಲಿಮರ. ಅದಕ್ಕೆ ಯಾವ ಬಿಲ್ಲು?

"ಒಂದು ಮುದ್ರಿ ಹಾಕೇ ಬಿಡ್ರಿ ಕಾಕಾ. ಕಾಲಿಗೆ ಬೀಳತೇನಿ."

"ನಾ ಮುದ್ರಿ ಹಾಕಿದ್ರ ಅಂವ ಹಾಕೂದಿಲ್ಲೇನ? ಫೋಟೋ ಕದ್ದಾಂವಗ ಮುದ್ರಿ ಭಾರ ಆಗತೈತೇನ?"

ಅಷ್ಟರಲ್ಲಿ ಆ ಕಳ್ಳನೂ ಒಂದು ದೂರು ಕೊಟ್ಟಿದ್ದಾನೆಂದು ತಿಳಿಯಿತು. ನಕಲಿ ಮಾರುವವರು ನಾವಂತೆ. ವಿಚಾರಿಸಲು ಫೋನ್ ಮಾಡುತ್ತೇವೆ, ಖಾತೆ ಮೋನಪ್ಪನವರ ಹೆಸರಲ್ಲಿರುವುದರಿಂದ ಅವರೇ ಮಾತಾಡಬೇಕು ಎಂದು ಕಂಪನಿ ತಿಳಿಸಿತು. ಕಾಕಾ ಒಂದೇ ಮಾತು ಹೇಳಿದರು: "ನಾ ಮಾತಾಡೂದಿಲ್ಲ. ಬೇಕಿದ್ದಾಂವ ಬನಹಟ್ಟಿಗೆ ಬರಲಿ. ನೀನೂ ಬಾಯಿ ಮುಚ್ಚಿಕೊಂಡಿರು."

ಕಂಪನಿಯ ಫೋನ್ ಬಂದಾಗ ಕಾಕಾನ ಅಂಗಡಿಯ ಮೊಬೈಲ್ ನನ್ನ ಕೈಯಲ್ಲಿತ್ತು. ಕಾಕಾ ಊಟಕ್ಕೆ ಹೋಗಿದ್ದರು. ನಾನು ಗಂಟಲು ಸರಿಮಾಡಿಕೊಂಡು, ನಾಲಿಗೆಯನ್ನು ಹಲ್ಲಿನ ಸಂದಿಗೆ ಒತ್ತಿ, ಮೋನಪ್ಪ ಮೇಸ್ತ್ರಿಯಾದೆ.

ಆ ಕಡೆ ಒಂದು ಹುಡುಗಿ, ಬೆಂಗಳೂರಿನ ನುಣುಪು ಕನ್ನಡ. "ಸರ್, ಈ ಪೇಜಿಂದ ತಗೊಂಡ ಐಟಮ್ಸ್‌ಗೆ ನೀವು ರಿಪ್ಲೇಸ್‌ಮೆಂಟ್ ಕಳ್ಸಿದೀರಾ?"

ಸುಮ್ಮನೆ "ಇಲ್ಲ" ಎನ್ನಬಹುದಿತ್ತು. "ವಕೀಲರನ್ನು ಕೇಳಿ ಹೇಳುತ್ತೇನೆ" ಎನ್ನಬಹುದಿತ್ತು. ಆದರೆ ಪಾತ್ರ ಮೈಮೇಲೆ ಬಂದಿತ್ತು. ಒಳ್ಳೆಯ ಮಾತೊಂದು ನಾಲಿಗೆ ತುದಿಗೆ ಬಂದಾಗ ಬಿಟ್ಟುಕೊಡುವ ಜಾತಿ ನನ್ನದಲ್ಲ.

"ಹ್ಞೂಂ, ಕಳಸೇನಿ" ಎಂದೆ, ಗಾಳಿ ಬಿಡುತ್ತ. "ನನ್ನ ಹೆಸರಿಂದ ಬಂದದ್ದು ಎಲ್ಲಾ ನಂದ. ಅದಕ್ಕ ಜವಾಬು ನಾನ."

"ಎಲ್ಲವೂ ನಿಮ್ಮದೇ ಅಂತೀರಾ ಸರ್?"

"ಎಲ್ಲಾ ನಂದ!"

ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಮೈ ಜುಮ್ಮೆಂದಿತು. ಹುಡುಗಿ ಥ್ಯಾಂಕ್ಸ್ ಹೇಳಿದಳು. ಮಾತೆಲ್ಲ ರೆಕಾರ್ಡ್ ಆಗಿತ್ತು. ಮೂರನೆಯ ದಿನ ಕಾಗದ ಬಂತು: ಕಳಪೆ ಮಾಲುಗಳೆಲ್ಲ ತನ್ನವೇ ಎಂದು ಮಾರಾಟಗಾರ ಸ್ವತಃ ಒಪ್ಪಿಕೊಂಡಿದ್ದರಿಂದ ಖಾತೆಯನ್ನು ಕಾಯಂ ಆಗಿ ಮುಚ್ಚಲಾಗಿದೆ. ಪುಟವನ್ನು ಮುಚ್ಚಲಿಲ್ಲ. ಆ ಪುಟಕ್ಕೆ ಈಗ ಒಬ್ಬನೇ ಮಾರಾಟಗಾರ, ಆ ಇನ್ನೊಬ್ಬ. ಕಾಕಾನ ಕೈ, ಕಾಕಾನ ಹೆಸರು, ಅವನ ಮಾವಿನ ಕಟ್ಟಿಗೆ.

ಕಾಕಾನಿಗೆ ಸುಳ್ಳು ಹೇಳಬಹುದೆಂದುಕೊಂಡೆ. ಹೇಳಲು ಬರಲಿಲ್ಲ. ಎದುರು ನಿಂತು ನಡೆದದ್ದನ್ನೆಲ್ಲ ಒದರಿದೆ. ಅವರು ಉಳಿ ಕೆಳಗಿಟ್ಟರು. ಬೈಯಲಿಲ್ಲ, ಅದೇ ನನಗೆ ಭಯ ತಂದಿತು.

"ನನ್ನಂಗ ಮಾತಾಡಾಕ ಕಲ್ತಿ" ಎಂದರು. "ನನ್ನಂಗ ಸುಮ್ನಿರಾಕ ಕಲೀಲಿಲ್ಲ."

ಆಮೇಲೆ ನಾನು ಬೆಳಿಗ್ಗೆ ಶಟರ್ ಎತ್ತುವ ಸದ್ದಾದರೆ ಸಾಕು, ಎದುರಿನಿಂದ ಥೂ ಎಂಬ ಸದ್ದು ಬರುತ್ತಿತ್ತು. ಗಡಿಯಾರ ನೋಡಬೇಕಿರಲಿಲ್ಲ.

ಮುಗಿಲಲ್ಲಿ ಹೋದದ್ದು ಮುಗಿಲಲ್ಲೇ ಇರಲಿ, ಊರಲ್ಲಿ ಅವರ ಹೆಸರಿಗೆ ಏನಾಗಬೇಕು ಎಂದು ನಾನು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅದು ಜಮಖಂಡಿಯವರೆಗೆ ಇಳಿದು ಬಂದದ್ದು ನನಗೆ ಗೊತ್ತಾಗಲಿಲ್ಲ. ಅಲ್ಲಿನ ಒಂದು ಅಂಗಡಿಯವನು ಅದೇ ಪುಟದಿಂದ ಒಂದು ಗೋಣಿ ಲಾಳಿ ತರಿಸಿ, 'ಬನಹಟ್ಟಿ ಮೇಸ್ತ್ರಿ ಲಾಳಿ' ಎಂದು ಮಾರುತ್ತಿದ್ದ. ಪಾಪ, ಅವನೂ ಅದು ಖರೆಯದೇ ಎಂದುಕೊಂಡಿರಬೇಕು. ಪಾಪ ಎಂಬ ಮಾತನ್ನು ಕಾಕಾನ ಮುಂದೆ ಆಡುವ ಧೈರ್ಯ ನನಗಿಲ್ಲ.

ಒಂದು ಮಧ್ಯಾಹ್ನ ರಬಕವಿಯ ಶಾಂತವ್ವ ಬಂದಳು. ಮನೆಯಲ್ಲೇ ಎರಡು ಮಗ್ಗ ಹಾಕಿಕೊಂಡು ಸೀರೆ ನೇಯುವವಳು. ಅವಳ ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಈ ಅಂಗಡಿಯ ಲಾಳಿಯನ್ನೇ ಓಡಿಸಿದವರು. ಹುಬ್ಬಿನ ಮೇಲೆ ಹತ್ತಿ ಪಟ್ಟಿ, ಅದರ ಕೆಳಗಿನ ಕಣ್ಣು ಬದನೆಕಾಯಿಯಂತೆ ಊದಿ ಮುಚ್ಚಿತ್ತು. ಕೈಯಲ್ಲಿ ವಾರ್ನಿಷ್ ಹಚ್ಚಿದ ಲಾಳಿ. ನಾನು ನನ್ನ ಅಂಗಡಿ ಬಿಟ್ಟು ಈಚೆ ಬಂದೆ.

"ಜಮಖಂಡಿಗೆ ಹೋಗಿದ್ನಿರಿ, ಅಲ್ಲೇ ತಗೊಂಡೆ. ನಿಮ್ಮ ಹೆಸರ ಹೇಳಿದ್ರ. ನಿನ್ನಿ ಹಾರಿತ್ರಿ. ಡಾಕ್ಟರು ಕಣ್ಣ ಉಳದೈತಿ ಅಂದ್ರ, ಬೆರಳ ಅಳತ್ಯಾಗ ಉಳದೈತಿ ಅಂದ್ರ."

ಕಾಕಾ ಕೊಡಲಿ ತೆಗೆದು ಆ ಲಾಳಿಯನ್ನು ಸೀಳಿದರು. ತೊಟ್ಟಿಗೆ ಕೈಹಾಕಿ ಹೊಸದನ್ನು ತೆಗೆದು, ತಮ್ಮ ಧೋತರದಿಂದಲೇ ಒರೆಸಿ ಕೊಟ್ಟರು. ಶಾಂತವ್ವ ಅದನ್ನು ಇಸಿದುಕೊಂಡು, ಒಂದೇ ಕಣ್ಣಿನ ಮುಂದೆ ಹಿಡಿದು, ಹಿಂದೆ ಮುಂದೆ ಹೊರಳಿಸಿದಳು. ಮೊನೆಯನ್ನು ಉಗುರಿನಿಂದ ಅಲ್ಲಾಡಿಸಿ ನೋಡಿದಳು. ಆಮೇಲೆ, ಅಂಜುತ್ತಲೇ ಕೇಳಿದಳು.

"ಮೇಸ್ತ್ರೀ, ಇದು ಖರೇನ ನಿಮ್ಮದ ಐತೆಲ್ರಿ?"

ಅವಳ ತಪ್ಪಿಲ್ಲ. ಕಣ್ಣು ಅವಳದು. ಆದರೆ ಮೂರು ತಲೆಮಾರಿನಲ್ಲಿ ಆ ಹೊಸ್ತಿಲಲ್ಲಿ ನಿಂತು ಆ ಮಾತನ್ನು ಯಾರೂ ಕೇಳಿರಲಿಲ್ಲ. ಅವರು ಬೈಯುತ್ತಾರೆಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಲಾಳಿಯನ್ನು ಅವಳ ಕೈಯಿಂದ ತಿರುಗಿ ಇಸಿದುಕೊಂಡು, ಚಪ್ಪಲಿ ಮೆಟ್ಟಿ, ರಬಕವಿಯ ದಾರಿ ಹಿಡಿದರು. ಶಾಂತವ್ವ ಹಿಂದೆ ಓಡಿದಳು. ಯಾರೂ ಕರೆಯದಿದ್ದರೂ ನಾನೂ ಓಡಿದೆ.

ಅವಳ ಮನೆಯಲ್ಲಿ ಅವರೇ ಕಂಡಿಕೆ ತುಂಬಿ ಲಾಳಿಯನ್ನು ಮಗ್ಗಕ್ಕೆ ಹಾಕಿದರು. "ಚಾಲೂ ಮಾಡು" ಎಂದರು. ಹೇಳಿ, ಮಗ್ಗದ ಬಗಲಿಗೆ ಹೋಗಿ ನಿಂತರು. ಲಾಳಿ ಹಾರಿದರೆ ನೆಟ್ಟಗೆ ಬಂದು ಬಡಿಯುವ ಜಾಗ ಅದು. ನೇಕಾರರ ಮನೆಯಲ್ಲಿ ನಡೆಯಲು ಕಲಿತ ಕೂಸಿಗೂ ಅಲ್ಲಿ ನಿಲ್ಲಬಾರದೆಂದು ಗೊತ್ತು. ನಿಂತದ್ದಷ್ಟೇ ಅಲ್ಲ, ಸೊಂಟ ಬಗ್ಗಿಸಿ, ಮುಖವನ್ನು ಲಾಳಿಯ ಎತ್ತರಕ್ಕೆ ತಂದು, ಕಣ್ಣು ತೆರೆದುಕೊಂಡು ನಿಂತರು.

"ಬ್ಯಾಡ್ರಿ ಮೇಸ್ತ್ರಿ" ಎಂದಳು ಶಾಂತವ್ವ.

"ಚಾಲೂ ಮಾಡಂದೆ."

ಮಗ್ಗ ಶುರುವಾಯಿತು. ಖಟ್ ಎಂದು ಅತ್ತ ಹೋದ ಲಾಳಿ ಖಟ್ ಎಂದು ಅವರ ಮುಖದತ್ತ ಬರುತ್ತಿತ್ತು. ಒಂದು ಗೇಣು ಅಂತರದಲ್ಲಿ ನಿಂತು ತಿರುಗಿ ಹೋಗುತ್ತಿತ್ತು. ಅವರ ರೆಪ್ಪೆ ಮಿಸುಕಲಿಲ್ಲ. ಶಾಂತವ್ವ ಎರಡು ಸಲ ನಿಲ್ಲಿಸಲು ಕೈ ಚಾಚಿದಳು, ಎರಡು ಸಲವೂ "ನಡಸು" ಎಂದರು. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ನನ್ನ ಜೀವನದಲ್ಲಿ ಬಾಯಿಗೆ ಯಾವ ಮಾತೂ ಬಾರದ ಹೊತ್ತು ಅದೊಂದೇ. ಕಂಡಿಕೆಯ ನೂಲು ಪೂರ್ತಿ ತೀರಿ ಮಗ್ಗ ತಾನಾಗಿ ನಿಲ್ಲುವವರೆಗೆ ಅವರು ಹಾಗೆಯೇ ಇದ್ದರು. ಆಮೇಲೆ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಅವಳ ಮುಖವನ್ನೂ ನೋಡದೆ ಹೊರಗೆ ಬಂದರು.

ಅವರೊಡನೆ ನಾನು ನಡೆದದ್ದು ಅದೇ ಕೊನೆ. ಆ ತಿಂಗಳಲ್ಲೇ ಅಂಗಡಿ ಖಾಲಿ ಮಾಡಿ ತೇರದಾಳಕ್ಕೆ ಹೋದರು. ಅಲ್ಲಿ ತಂಗಿಯ ಮಗನ ಜೊತೆ ಬಾಗಿಲು ಚೌಕಟ್ಟು ಮಾಡುತ್ತಿದ್ದರಂತೆ. ಲಾಳಿ ಮಾತ್ರ ಮುಟ್ಟಲಿಲ್ಲವಂತೆ. ತೀರಿಕೊಂಡ ಸುದ್ದಿ ನನಗೆ ಬಸ್ಸಿನಲ್ಲಿ ಯಾರಿಂದಲೋ ತಿಳಿಯಿತು.

ಅಂದು ರಬಕವಿಯಿಂದ ಬರುವಾಗ ಅವರು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಬನಹಟ್ಟಿ ಬರುವವರೆಗೂ ತಡೆದುಕೊಂಡೆ. ಕೊನೆಗೆ ಕೇಳಿಯೇಬಿಟ್ಟೆ.

"ಕಾಕಾ, ಅದೇನರ ಹಾರಿದ್ರ?"

ಅವರು ತಿರುಗಲಿಲ್ಲ.

"ಹಾರಿದ್ರ, ನಂದಲ್ಲ ಅಂತ ನನಗರ ಗೊತ್ತಾಗತಿತ್ತು."